ಟಾಕೀಸ್ ಹಿಂದಿನ ಭಾನುವಾರಗಳು

ಮೇ 9, ಭಾನುವಾರ

ಕೆಳತುಟಿ ಊದಿದೆ. ಕಾಫಿ ತಾಗಿದರೆ ಉರಿ. ಮನೆಯೊಳಗೂ ಮಾಸ್ಕ್ ಹಾಕ್ಕೊಂಡೇ ಓಡಾಡಿದೆ. ಶೀತ ಅಂದೆ. ಅಮ್ಮ ಹಾವು ಕಂಡ ಹಾಗೆ ದೂರ ಸರಿದಳು.

ತಪ್ಪು ನಂದೇ. ಬಾಕ್ಸಿಂಗಲ್ಲಿ ಎಡಗೈ ಕೆಳಗಿಳಿಸಿದ್ದೆ, ಕೋಚ್ ಬಿಡ್ತಾಳಾ? ಸ್ಕೂಲಿನಿಂದ ಗೆಳತಿ, ಆದ್ರೂ ಎಳ್ಳಷ್ಟು ಕರುಣೆ ಇಲ್ಲ. ಕೊರೊನಾ ಲಾಕ್‌ಡೌನ್ ಅಂತ ಅವಳ ಜಿಮ್‌ಗೆ ಬೀಗ. ನಾನು ಟಿಕೆಟ್ ಹರಿಯೋ ಟಾಕೀಸಿಗೂ ಬೀಗ. ಆದ್ರೆ ಹಿಂದಿನ ಪಾರ್ಕಿಂಗ್ ಕೀ ನನ್ನ ಹತ್ರ. ಅದೇ ನಮ್ಮ ಔಟಿಂಗು, ಅದೇ ನಮ್ಮ ಬೀಚು!

ಮೂರನೆಯವಳು ಮೆಡಿಕಲ್ ಅಕ್ಕ, ನಮ್ಮ ಬೀದಿಯ ಔಷಧಿ ಅಂಗಡಿಯವಳು. ಇಂಜೆಕ್ಷನ್ ಸ್ಟಾಕ್ ಇಲ್ಲ ಅಂದಿದ್ದಕ್ಕೆ ನಿನ್ನೆ ಒಬ್ಬ ಕೌಂಟರ್ ಗಾಜು ಒಡೆದು ಅವಳ ಕುತ್ತಿಗೆಗೇ ಕೈ ಹಾಕಿದನಂತೆ. ಇವತ್ತು ನಾವು ನೇತುಹಾಕಿರೋ ಮರಳುಮೂಟೆ ಮೇಲೆ ತೀರಿಸ್ಕೊಂಡಳು ನೋಡು ಅದರ ಸೇಡು! ಹೊಲಿಗೆ ಬಿಚ್ಚಿ ಮರಳು ಸುರೀತು. ಮೂವರೂ ನೆಲಕ್ಕೆ ಬಿದ್ದು ನಕ್ಕಿದ್ದೇ ನಕ್ಕಿದ್ದು. ಹೊರಗೆ ಆಂಬುಲೆನ್ಸ್ ಮೇಲೆ ಆಂಬುಲೆನ್ಸ್. ಆದ್ರೂ ನಗು ನಿಲ್ಲಲಿಲ್ಲ.

ಮೇ 13

ಮತ್ತೆ ಅಣ್ಣ. ಟೂರಿಸ್ಟ್ ಬಸ್ ಓಡಿಸ್ತಿದ್ದವನು, ಬಸ್ ನಿಂತಾಗಿಂದ ಮನೇಲೇ. ಅನ್ನ ಆರಿದೆ ಅಂತ ತಟ್ಟೆ ಗೋಡೆಗೆ. ಆಮೇಲೆ ಅತ್ತಿಗೆಯ ಜುಟ್ಟು ಹಿಡಿದು ತಲೆಯನ್ನ ಅಡುಗೆಮನೆ ಬಾಗಿಲಿಗೆ. ಧಡ್. ಧಡ್. ಅಮ್ಮ ಟಿವಿ ಸೌಂಡ್ ಜಾಸ್ತಿ ಮಾಡಿದಳು. ನಡುವೆ ಹೋದೆ. ಒಂದೇ ತಳ್ಳು, ಸೊಂಟ ಮೇಜಿಗೆ ಬಡೀತು.

ಅತ್ತಿಗೆ ಎದ್ದು ಅನ್ನ ಗುಡಿಸಿದಳು.

ಮೇ 16, ಭಾನುವಾರ

ತರಕಾರಿಗೆ ಅಂತ ಸುಳ್ಳು ಹೇಳಿ ಅತ್ತಿಗೆಯನ್ನೂ ಕರ್ಕೊಂಡು ಹೋದೆ. ಮೊದಲು ಮೂಲೇಲಿ ಸೆರಗು ಹೊದ್ದು ಕೂತಿದ್ದಳು. ಕೋಚ್ ಹತ್ರ ಬಂದಳು. ಹಣೆ ಗಾಯ ನೋಡಿದಳು, ಪ್ಯಾಡ್ ಹಿಡಿದು ಎದುರು ನಿಂತಳು. "ಒಂದು ಕೊಡಿ."

"ಅಯ್ಯೋ, ನಂಗೆಲ್ಲಿ ಬರುತ್ತೆ!"

"ಬಟ್ಟೆ ಒಗೀತೀರಲ್ಲ, ಹಾಗೇ."

ಒಗೆದಳು. ಕೋಚ್ ಎರಡು ಹೆಜ್ಜೆ ಹಿಂದೆ ಹೋದಳು. ಅತ್ತಿಗೆ ಗಾಬರಿಯಾಗಿ "ನೋವಾಯ್ತಾ?" ಅಂದಳು. ಆಮೇಲೆ ನಗು... ಬಿಕ್ಕಳಿಕೆ ಥರ ಶುರುವಾದ ನಗು. ಈ ಮನೆಗೆ ಬಂದಾಗಿಂದ ಅವಳು ಹಲ್ಲು ಕಾಣೋ ಹಾಗೆ ನಕ್ಕಿದ್ದು ನಾನಂತೂ ನೋಡಿರಲಿಲ್ಲ.

ಮೇ 23, ಭಾನುವಾರ

ಅತ್ತಿಗೆ ಹೊಡೆಯುವಾಗ ಬೈತಾಳೆ! ಎಂಥೆಂಥಾ ಬೈಗುಳ! ಮೆಡಿಕಲ್ ಅಕ್ಕ ಕಿವಿ ಮುಚ್ಚಿಕೊಂಡು "ಇನ್ನೊಂದು ಹೇಳಿ, ನಾಳೆ ಕೌಂಟರಲ್ಲಿ ಬೇಕಾಗುತ್ತೆ" ಅಂದಳು. ಮೈಯೆಲ್ಲ ನೋವು. ಹಾಯಾದ ನೋವು.

ತರಕಾರಿ ತರೋದು ಮರೆತೇಬಿಟ್ವಿ. ಅಣ್ಣ ಖಾಲಿ ಚೀಲ ನೋಡಿದ. ಏನೂ ಅನ್ನಲಿಲ್ಲ. ಅದೇ ಭಯ.

ಮೇ 30, ಮಧ್ಯಾಹ್ನ

ಬರೀಬೇಕು.

ಅಣ್ಣ ಟಾಕೀಸಿಗೆ ನಮ್ಮ ಹಿಂದೇನೇ ಬಂದಿದ್ದ. ಗೇಟ್ ತಳ್ಳಿ ಸೀದಾ ಅತ್ತಿಗೆಯ ಜಡೆಗೆ ಕೈ. ನೆಲದ ಮೇಲೆ ದರದರ ಎಳೆದ. ಕೋಚ್ ಅಡ್ಡ ಹೋದಳು. ಗೋಡೆಗೆ ಒರಗಿಕೊಂಡಿದ್ದ ಶಟರ್ ಎಳೆಯೋ ಕಬ್ಬಿಣದ ಕೊಕ್ಕೆ ಅವನ ಕೈಗೆ ಸಿಕ್ತು. ಬೀಸಿದ. ಕೋಚ್ ಮುಂಗೈ ಲಟ್ ಅಂತು. ಕಡ್ಡಿ ಮುರಿದ ಹಾಗೆ. ಮತ್ತೆ ಎತ್ತಿದ, ಈ ಸಲ ಅತ್ತಿಗೆ ತಲೆಗೆ.

ನಾನು ಹೊಡೆದೆ. ಕಲಿತ ಹಾಗೇ, ಸೊಂಟದಿಂದ. ದವಡೆಗೆ. ಕೊಕ್ಕೆ ಬಿತ್ತು. ಅವನೂ ಬಿದ್ದ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಎದೆ ಮೇಲೆ ಕೂತು ಹೊಡೆದೆ. ಹಲ್ಲು ನನ್ನ ಬೆರಳಿಗೆ ಚುಚ್ಚಿದ್ದು ಗೊತ್ತಾಗ್ತಿತ್ತು. ಅವನು "ಪುಟ್ಟೀ" ಅಂದ — ಚಿಕ್ಕವಳಿದ್ದಾಗ ಕರೀತಿದ್ದ ಹಾಗೆ. ಆದ್ರೂ ಹೊಡೆದೆ. ಇಷ್ಟ ಆಗ್ತಿತ್ತು. ಇದನ್ನ ಇಲ್ಲಿ ಬಿಟ್ಟು ಎಲ್ಲೂ ಹೇಳಲಾರೆ.

ಎಳೆದು ಬಿಡಿಸಿದ್ದು ಅತ್ತಿಗೆ. ಕೋಚ್ ಮುರಿದ ಕೈ ಹಿಡ್ಕೊಂಡು, ಬೆಳ್ಳಗೆ ಬಿಳಿಚಿಕೊಂಡು ಅಂದಳು: "ಬಿದ್ದವನಿಗೆ ಹೊಡೆಯೋದು ನಾನು ಕಲಿಸಿಲ್ಲ ಕಣೇ."

ಜೂನ್ 2

ಅಣ್ಣನ ದವಡೆ ಎರಡು ಕಡೆ ಮುರಿದಿದೆ. ಆಸ್ಪತ್ರೇಲಿ ಬೆಡ್ ಇಲ್ಲದೆ ವರಾಂಡದಲ್ಲೇ ಮಲಗಿಸಿದ್ದಾರೆ. ಕೋಚ್ ಕೈಗೆ ಪ್ಲಾಸ್ಟರ್. ಅತ್ತಿಗೆ ಮೆಡಿಕಲ್ ಅಕ್ಕನ ಮನೆ ಮಹಡೀಲಿ.

ಕಾನ್‌ಸ್ಟೇಬಲ್ ಬಂದ. ಅಮ್ಮ ಮುಂದೆ ಬಿದ್ದು "ಮೆಟ್ಟಿಲಿಂದ ಬಿದ್ದ ಸಾರ್" ಅಂದಳು. ಕಾಪಾಡಿದ್ದು ನನ್ನನ್ನೋ ಅವನನ್ನೋ, ತಿಳೀಲಿಲ್ಲ. ಅಷ್ಟರಲ್ಲಿ ಬಟ್ಟೆ ತಗೊಳ್ಳೋಕೆ ಬಂದಿದ್ದ ಅತ್ತಿಗೆ ಬಾಗಿಲಲ್ಲಿ ನಿಂತಳು.

"ಬಿದ್ದಿಲ್ಲ ಸಾರ್. ಮೊದಲಿಂದ ಹೇಳ್ತೀನಿ, ಬರ್ಕೊಳ್ಳಿ." ಹಣೆ ಮೇಲಿನ ಕೂದಲು ಸರಿಸಿದಳು.

ಅವಳದು ಮುಗಿದ ಮೇಲೆ ನಾನೂ ಹೇಳಿದೆ. ಬಿದ್ದ ಮೇಲೆ ಹೊಡೆದದ್ದನ್ನೂ. "ನಿಮ್ಮ ಮೇಲೂ ಕೇಸ್ ಆಗುತ್ತಮ್ಮಾ" ಅಂದ. ಆಗಲಿ. ಅಮ್ಮ ಆಗಿಂದ ನನ್ನ ಮುಖ ನೋಡ್ತಿಲ್ಲ.

ಜೂನ್ 13, ಭಾನುವಾರ, ಕೆರೆ ಹತ್ರ

ಟಾಕೀಸ್ ಬೇಡ ಅಂದೆ. ಎರಡು ಸ್ಕೂಟರಲ್ಲಿ ಕೆರೆಗೆ ಬಂದ್ವಿ, ನಾಲ್ವರೂ. ದಡದಲ್ಲಿ ಕೂತು ಬರೀತಿದೀನಿ. ಕೋಚ್ ಪ್ಲಾಸ್ಟರ್‌ಗೆ ಪ್ಲಾಸ್ಟಿಕ್ ಸುತ್ಕೊಂಡು ನೀರಿಗಿಳಿದಿದ್ದಾಳೆ. ಮೆಡಿಕಲ್ ಅಕ್ಕ ಸೀರೆ ಎತ್ತಿ ಕಟ್ಟಿ ಕಲ್ಲಿನಿಂದ ಕಲ್ಲಿಗೆ ಹಾರ್ತಿದ್ದಾಳೆ, ಜಾರಿ ಧೊಪ್ ಅಂತ ಬಿದ್ದಳು. ನಗು ಬಂತು. ಬರುತ್ತೋ ಇಲ್ವೋ ಅಂದ್ಕೊಂಡಿದ್ದೆ.

ಅತ್ತಿಗೆ ನನ್ನ ಪಕ್ಕದಲ್ಲಿ. ಬೆರಳಿನ ಗಾಯ ನೋಡಿ, "ಒಣಗ್ತಾ ಇದೆ" ಅಂದಳು. ನನ್ನ ಕಂಡ್ರೆ ಹೆದರಿಕೆ ಆಗುತ್ತಾ ಅಂತ ಕೇಳಿದೆ. "ಅವತ್ತು ಆಯ್ತು" ಅಂದಳು. ಆದ್ರೂ ಕೈ ಬಿಡಲಿಲ್ಲ.

ಅಮ್ಮನ ಫೋನ್. ಅಣ್ಣನನ್ನ ಮನೆಗೆ ಬಿಟ್ಟಿದ್ದಾರಂತೆ. ದವಡೆಗೆ ತಂತಿ ಬಿಗಿದಿದ್ದಾರೆ, ಬಾಯಿ ಬಿಡೋ ಹಾಗಿಲ್ಲ. "ಅವಳಿಗೆ ಕೊಡು, ಮನೆಗೆ ಬಾ ಅಂತ ನಾನು ಹೇಳ್ತೀನಿ. ಅವನೂ ಕೇಳಿಸ್ಕೊಳ್ತಿದ್ದಾನೆ" ಅಂದಳು. ಹಿಂದೆ ಅವನ ಉಸಿರು. ಮೂಗಿನಿಂದ, ಜೋರಾಗಿ.

ಕಟ್ ಮಾಡೋಕೆ ಹೊರಟೆ. ಅತ್ತಿಗೆ ಕೈ ಚಾಚಿದಳು. "ಕೊಡು ಇಲ್ಲಿ."

ಎದ್ದು ನಿಂತಿದ್ದಾಳೆ. ಕಾಲು ನೀರಲ್ಲಿ. ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳ್ತಿದ್ದಾಳೆ. ಕೋಚ್ ನೀರಾಟ ನಿಲ್ಲಿಸಿದಳು. ಈಗ ಅತ್ತಿಗೆ ದನಿ ಎತ್ತಿ, ಅವನಿಗೂ ಕೇಳೋ ಹಾಗೆ, "ನಾನು ಬರಲ್ಲ —"