ಮತ ಹಾಕುವ ಮುಂಚೆ ಒಂದು ಕ್ಷೌರ

ಷಿಕಾಗೊ
ಮಾರ್ಚ್ 21, 1934

ಮುದ್ದಿನ ಮಗಳು ನಿನ್ಫಾಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಮೂರು ಕಾಗದಗಳಿಗೆ ಇದೊಂದೇ ಉತ್ತರ, ಕೋಪ ಮಾಡಿಕೊಳ್ಳಬೇಡ. "ಬರೆದ್ರಾ, ಬರೆದ್ರಾ?" ಅಂತ ನಿಮ್ಮಮ್ಮ ದಿನಾ ತಲೆ ತಿನ್ನುತ್ತಿದ್ದಳು. ಅಂಗಡಿಯ ಗಾಜನ್ನು ಎರಡನೇ ಸಲ ಒಡೆದು ಹೋಗಿದ್ದರು. ಹಲಗೆ ಹೊಡೆಸಿಕೊಂಡು, ಹಗಲಲ್ಲೇ ದೀಪ ಹಾಕಿ ಕ್ಷೌರ ಮಾಡುತ್ತಿದ್ದೆ. ಅದನ್ನು ಬರೆದರೆ ನೀನು ಗಂಡ, ಕೂಸು ಸಮೇತ ಬಫೆಲೋದಿಂದ ಓಡಿ ಬರುತ್ತೀಯ ಎಂದು ಸುಮ್ಮನಿದ್ದೆ. ನಿನ್ನೆ ಹೊಸ ಗಾಜು ಬಂತು, ಸಂಘದವರೇ ಹಾಕಿಸಿಕೊಟ್ಟರು.

ಒಡೆಸಿದವನು ಸ್ಕೊಜ್ಜಾರಿ. ಹುಟ್ಟಿದ ಮೇಲೆ ಒಬ್ಬರ ತಲೆ ಬಾಚಿದವನಲ್ಲ, ನಮ್ಮ ಕ್ಷೌರಿಕರ ಸಂಘಕ್ಕೆ ಕಾರ್ಯದರ್ಶಿ ಆಗಬೇಕಂತೆ! ಲಾಂಡ್ರಿಯವರ ಸಂಘವನ್ನು ಅವನ ಗ್ಯಾಂಗು ನುಂಗಿದ್ದು ನಮಗೆಲ್ಲ ಗೊತ್ತಿತ್ತು. ಅಲ್ಲಿ ಎದುರು ಮಾತಾಡಿದವರ ಗಿರಾಕಿಗಳ ಬಟ್ಟೆಗೆ ಆ್ಯಸಿಡ್ ಬಿತ್ತು. ಮುಷ್ಕರ ಮಾಡಿ, ಲಾಠಿ ಏಟು ತಿಂದು ಭಾನುವಾರದ ರಜೆ ಗಳಿಸಿದ ಸಂಘ ನಮ್ಮದು. ಇವನು ಗೆದ್ದರೆ ಅಂಗಡಿಯ ಬಾಗಿಲು ತೆಗೆಯುವುದಕ್ಕೂ ಇವನ ಅಪ್ಪಣೆ ಬೇಕು.

ಮೊನ್ನೆ ಭಾನುವಾರ ಮಧ್ಯಾಹ್ನ ಚುನಾವಣೆ. ಸಭೆಗೆ ಹೋದರೆ ಅರ್ಧಕ್ಕರ್ಧ ಗುರುತಿಲ್ಲದ ಮುಖಗಳು. ಅವರೆಲ್ಲರ ಕೈಯಲ್ಲೂ ಸಂಘದ ಕಾರ್ಡು, ಗರಿಗರಿ ಹೊಸದು. ನಮ್ಮ ಅಧ್ಯಕ್ಷ ಕೋಲ್ಬ್, ಪಾಪ, ಜರ್ಮನ್ ಮುದುಕ, ಬೆವರು ಒರೆಸಿಕೊಳ್ಳುತ್ತಾ "ಕಾರ್ಡ್ ಇದ್ದೋರಿಗೆ ಮತ ಕೊಡ್ಲೇಬೇಕಲ್ರಪ್ಪಾ" ಎಂದ. ನನಗೆ ಎಲ್ಲಿತ್ತೋ ಸಿಟ್ಟು, ಎದ್ದು ನಿಂತೆ.

"ಕಾರ್ಡು ಯಾರು ಬೇಕಾದ್ರೂ ಅಚ್ಚು ಹಾಕಿಸ್ಕೋಬೋದು. ಗುರುತಿಲ್ದೋರು ಒಂದು ಗಡ್ಡ ಕೆರೆದು ತೋರಿಸ್ಲಿ, ಆಮೇಲೆ ಮತ ಹಾಕ್ಲಿ!"

ಸ್ಕೊಜ್ಜಾರಿ ನಕ್ಕ. "ಯಾರ್ ಗಡ್ಡ ಅಜ್ಜಾ?"

"ನಂದೇ ಕಣಯ್ಯಾ. ಮೂರು ದಿನದ್ದಿದೆ."

ಸಭೆಗೆ ಸಭೆಯೇ ಹೋ ಎಂದಿತು. ಪತ್ರಿಕೆಯವರಿಬ್ಬರು ಬಂದು ಕೂತಿದ್ದರಿಂದ ಅವನ ಕಡೆಯವರ ಪಿಸ್ತೂಲುಗಳು ಜೇಬಿನಲ್ಲೇ ಉಳಿದವು. ವೇದಿಕೆಯ ಮೇಲೆ ಕುರ್ಚಿ ಹಾಕಿ, ಕೊರಳಿಗೆ ಬಟ್ಟೆ ಕಟ್ಟಿಕೊಂಡು ಕೂತೆ.

ಮೊದಲು ಬಂದವನು ಒಂದು ಕೆನ್ನೆಯನ್ನು ನುಣ್ಣಗೆ ಕೆರೆದ, ಒಂದು ತೊಟ್ಟು ರಕ್ತ ಇಲ್ಲ. "ಇವ್ನು ನಮ್ಮೋನೇ ಬಿಡ್ರೋ!" ಎಂದು ಚಪ್ಪಾಳೆ ಬಿತ್ತು. ಅವನು ಹೋಗಿ ಮತ ಹಾಕಿದ. ಎರಡನೆಯವನು ಕತ್ತಿಯನ್ನು ರೊಟ್ಟಿ ಕೊಯ್ಯುವವನಂತೆ ಹಿಡಿದ. ನನ್ನ ದವಡೆಯ ಮೇಲೆ ಈಗಿರುವ ಗಾಯದ ಪಟ್ಟಿ ಅವನ ಕಾಣಿಕೆ. ಮೂರನೆಯವನು ನೊರೆಯನ್ನೆಲ್ಲ ನನ್ನ ಮೂಗಿಗೆ ತುಂಬಿದ. "ಏನಯ್ಯಾ, ಗೋಡೆಗೆ ಸುಣ್ಣ ಬಳೀತಿದ್ದೀಯಾ?" ಎಂದೆ. ಜನ ಬಿದ್ದು ಬಿದ್ದು ನಕ್ಕರು. ನಾಲ್ಕನೆಯವನಿಗೆ ಇದ್ದಕ್ಕಿದ್ದಂತೆ ಕೈ ಉಳುಕಿತು. ಉಳಿದವರು ಸಿಗರೇಟು ಸೇದಿ ಬರುತ್ತೇವೆ ಎಂದು ಒಬ್ಬೊಬ್ಬರಾಗಿ ಹೊರಗೆ ಹೋದವರು ತಿರುಗಿ ಬರಲಿಲ್ಲ. ಸ್ಕೊಜ್ಜಾರಿ ಹೀನಾಯವಾಗಿ ಸೋತ.

"ಬುದ್ಧಿ ಇದ್ಯಾ ನಿಮ್ಗೆ? ಕುತ್ತಿಗೇನೇ ಕೊಟ್ಟು ಕೂತಿದ್ರಂತೆ!" ಎಂದು ನಿಮ್ಮಮ್ಮ ಬಯ್ದಳು. ಆದರೂ ಮರುದಿನ ಸಂತ ಜೋಸೆಫರ ಹಬ್ಬಕ್ಕೆ ಸಾರ್ಡೀನು ಮೀನಿನ ಪಾಸ್ತಾ ಮಾಡಿ, ನನ್ನ ತಟ್ಟೆಗೆ ಎರಡು ಸಲ ಬಡಿಸಿದಳು. ಆ ಗ್ಯಾಂಗು ಮತ್ತೆ ಬಂದೀತು. ಬರಲಿ. ಈಗ ಬೀದಿಯ ಕ್ಷೌರಿಕರೆಲ್ಲ ಪಾಳಿ ಹಾಕಿಕೊಂಡು ಅಂಗಡಿಗಳನ್ನು ಕಾಯುತ್ತಿದ್ದೇವೆ. ಇಷ್ಟು ಒಗ್ಗಟ್ಟನ್ನು ನಾನು ಮೊದಲು ಕಂಡಿರಲಿಲ್ಲ.

ಅಳಿಯಂದಿರಿಗೆ ನಮಸ್ಕಾರ ತಿಳಿಸು. ಕೂಸಿಗೆ ಮುತ್ತು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಕಲೋಜೆರೊ

ಮರೆತ ಮಾತು: ಮರೆತಿಲ್ಲ ಮಗಳೇ, ಬರೆಯಲು ಕೈ ಬರಲಿಲ್ಲ. ನುಣ್ಣಗೆ ಕೆರೆದ ಆ ಮೊದಲನೆಯವನು ನಿನ್ನ ತಮ್ಮ ಗಾಸ್ಪಾರೆ. ಹದಿನಾರಕ್ಕೆ ಮನೆ ಬಿಟ್ಟು ಹೋದವನು, ಮೀಸೆ ಬಂದಿದೆ, ಅಲ್ಲಿ ಯಾರಿಗೂ ಗುರುತು ಸಿಗಲಿಲ್ಲ. ಹ್ಯಾಟು ತೆಗೆದು ಬಗ್ಗಿದಾಗ ನನಗೆ ಸಿಕ್ಕಿತು. "ಅಲ್ಲಾಡ್ಬೇಡ ಅಪ್ಪಾ" ಎಂದು ಪಿಸುಗುಟ್ಟಿದ. ಅವನಿಗೆ ಆ ಕೆಲಸ ಕಲಿಸಿದವನು ನಾನೇ. ಸುಳ್ಳು ಕಾರ್ಡಿನವರನ್ನು ಹಿಡಿಯಲು ಎದ್ದು ನಿಂತವನು, ನನ್ನ ಮಗನದ್ದೂ ಸುಳ್ಳು ಕಾರ್ಡು ಎಂದು ಹೇಳಲಿಲ್ಲ. ಎಲ್ಲರೂ ಬಂದು ಕೈ ಕುಲುಕುತ್ತಾರೆ, ನನಗೆ ನಾಚಿಕೆಯಾಗುತ್ತದೆ. ಬರುವ ಭಾನುವಾರ ಸಂಘದ ಮುಂದೆ ಹೇಳಿಬಿಡುತ್ತೇನೆ. ಅವನ ವಿಳಾಸ ನಿನ್ನ ಹತ್ತಿರ ಇದೆಯೆಂದು ಬಲ್ಲೆ, ಕೂಡಲೇ ಅವನಿಗೆ ಬರೆ, ನಿನ್ನ ಮಾತಾದರೆ ಕೇಳುತ್ತಾನೆ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ನಾನು ಹೇಳುವಾಗ ಅವನೂ ಬಂದು ನನ್ನ ಪಕ್ಕದಲ್ಲಿ ನಿಲ್ಲಲಿ. ಆಮೇಲೆ ಇಬ್ಬರೂ ಕೂಡಿ ಮನೆಗೆ ಹೋಗಿ ಅವಳ ಬಾಗಿಲು ತಟ್ಟುತ್ತೇವೆ.