ಗುಂಡ್ಲುಪೇಟೆಯಲ್ಲಿ ಒತ್ತಿದ ಬಟನ್

ಮಾನ್ಯ ಉದ್ಘಾಟಕರೇ,

ಚಾಮರಾಜನಗರದ ಹೊಸ ಮನೋಚಿಕಿತ್ಸಾ ಕೇಂದ್ರವನ್ನು ತಾವು ಗುಂಡ್ಲುಪೇಟೆಯ ಪ್ರವಾಸಿ ಮಂದಿರದಲ್ಲೇ ಕುಳಿತು, ಬಟನ್ ಒತ್ತಿ ಉದ್ಘಾಟಿಸಿದಿರಿ. ಅದರಿಂದಾಗಿ ನನ್ನ ತಮ್ಮನಿಗೆ ಚಿಕಿತ್ಸೆ ತಪ್ಪಿತು. ಇದು ನನ್ನ ದೂರು.

ತಾವು ಏಕೆ ಬರಲಿಲ್ಲವೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ನಂಬಿಕೆ ಅಧಿಕಾರಸ್ಥರಲ್ಲಿ ಹಳೆಯದು. ವೇದಿಕೆಯಲ್ಲಿ ವೈಜ್ಞಾನಿಕ ಮನೋಭಾವ, ಕಾರಿನಲ್ಲಿ ನಿಂಬೆಹಣ್ಣು! ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವಳು. ಒಪ್ಪಿಕೊಳ್ಳಲಾಗದ ಭಯವನ್ನು ಮನಸ್ಸು ಒಳಕ್ಕೆ ತಳ್ಳುತ್ತದೆ, ಅದು ಬೇರೆ ವೇಷದಲ್ಲಿ ಹೊರಬರುತ್ತದೆ ಎಂದು ಕಲಿಸುತ್ತೇನೆ. ತಮ್ಮ ಭಯ 'ಕಾರ್ಯಬಾಹುಳ್ಯ'ದ ವೇಷದಲ್ಲಿ ಪತ್ರಿಕಾ ಪ್ರಕಟಣೆಯಾಗಿ ಬಂತು. ಪಠ್ಯಪುಸ್ತಕದಲ್ಲೂ ಇಷ್ಟು ಒಳ್ಳೆಯ ಉದಾಹರಣೆಯಿಲ್ಲ.

ನನ್ನ ತಮ್ಮ ಶಿವಶಂಕರ ಗಡಿಯಲ್ಲಿದ್ದ ಸೈನಿಕ. ಶೆಲ್ ಬಿದ್ದು ಜೊತೆಗಾರ ಸತ್ತ ಮೇಲೆ ಕೆಲಸ ಬಿಟ್ಟು ತೆರಕಣಾಂಬಿಗೆ ಬಂದ. ಊರು ಹಾರ ಹಾಕಿತು. ಪಟಾಕಿ ಸದ್ದಿಗೆ ಅವನು ಮಂಚದಡಿ ಸೇರುವುದನ್ನು ಮಾತ್ರ ಯಾರಿಗೂ ಹೇಳುವಂತಿರಲಿಲ್ಲ. ತಮ್ಮೊಳಗಿನ ಹೆದರಿಕೆಯನ್ನು ಎದುರಿಸಲಾರದ ಜನರೇ ಟಿವಿಯಲ್ಲಿ ಯುದ್ಧ ಬೇಕೆಂದು ಕೂಗುತ್ತಾರೆ. ಅವರಿಗೆ ಹೆದರಿದ ಸೈನಿಕ ಬೇಕಾಗಿಲ್ಲ. ವರ್ಷಗಟ್ಟಲೆ ಕಾಡಿಬೇಡಿ ಒಪ್ಪಿಸಿ, ಉದ್ಘಾಟನೆಯ ದಿನವೇ ಅವನನ್ನು ಕೇಂದ್ರಕ್ಕೆ ಕರೆತಂದೆ. ಬಾಗಿಲಲ್ಲಿ ನಿಂತುಬಿಟ್ಟ.

"ಅಕ್ಕ, ಡಾಕ್ಟ್ರು ನಂಗೆ ತಲೆ ಕೆಟ್ಟದೆ ಅಂದ್ಬುಟ್ರೆ?"

"ಅನ್ನಲ್ಲ ಕಣಪ್ಪ, ಬಾ."

ಆಗಲೇ ತಾವು ಅಲ್ಲಿ ಬಟನ್ ಒತ್ತಿದಿರಿ. ಪರದೆಯ ಮೇಲೆ ತಮ್ಮ ನಗುಮುಖ ಮೂಡಿತು. ತಮ್ಮ ಅಭಿಮಾನಿಗಳು ಮನೋರೋಗಿಗಳ ಆಸ್ಪತ್ರೆಯ ಬಾಗಿಲಲ್ಲಿ ಸರಪಟಾಕಿ ಹಚ್ಚಿದರು. ಶಿವಶಂಕರ ನನ್ನನ್ನು ನೆಲಕ್ಕೆ ಕೆಡವಿ, ಮೇಲೆ ಬಿದ್ದು, ತನ್ನ ಮೈಯಿಂದ ಮುಚ್ಚಿದ. ನನ್ನನ್ನು ಉಳಿಸಲು! ಜನ ನಕ್ಕರು, ಮೊಬೈಲ್ ಹಿಡಿದರು. "ಕುಡ್ದವ್ನೆ ಕಣ್ಲಾ, ಎತ್ತಾಕು" ಎಂದನೊಬ್ಬ.

ಈಗ ಆಸ್ಪತ್ರೆಯ ಹೆಸರೆತ್ತಿದರೆ ಗೋಡೆಗೆ ಮುಖ ತಿರುಗಿಸುತ್ತಾನೆ. "ಬುಡು ಕಣಮ್ಮಿ, ಜೀವ ಉಳುಸ್ಕಂಡು ಬಂದವ್ನಲ್ಲಾ, ಅಷ್ಟೇ ಸಾಕು" ಎನ್ನುತ್ತಾಳೆ ಅವ್ವ. ನನಗೆ ಸಾಲದು. ತಮ್ಮ ಭಯಕ್ಕೆ ಸಂಪ್ರದಾಯವೆಂದು ಹೆಸರು, ಪೊಲೀಸ್ ಬಂದೋಬಸ್ತು ಬೇರೆ. ಅವನ ಭಯಕ್ಕೆ ಕುಡಿತವೆಂದು ಹೆಸರು. ಇದು ಯಾವ ನ್ಯಾಯ?

ನನ್ನ ಬೇಡಿಕೆ ಒಂದೇ. ಚಾಮರಾಜನಗರಕ್ಕೆ ಬನ್ನಿ. ಆ ಬಾಗಿಲಲ್ಲಿ ನಿಂತು 'ನನಗೂ ಭಯವಾಗಿತ್ತು' ಎಂದು ಬಾಯಿಬಿಟ್ಟು ಹೇಳಿ. ಅದನ್ನು ಕೇಳಿ ಅವನು ಇನ್ನೊಮ್ಮೆ ಹೊರಟಾನು.

ತಾವು ಬರುವುದಿಲ್ಲವೆಂದು ಗೊತ್ತು. ಬಂದರೂ, ತಾವು ಬಂದಿರೆಂದು ಪಟಾಕಿ ಹಚ್ಚುತ್ತಾರೆ.

ಇಂತಿ,
ನಾಳೆಯೂ ಅದೇ ಪಾಠ ಮಾಡಬೇಕಾದ
ಭವ್ಯ, ತೆರಕಣಾಂಬಿ