ಭಾನುವಾರದ ಜ್ಞಾನಸ್ನಾನ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಪಾಪುವಿನ ಅಂಗೈಯಿಂದ ಕಬ್ಬಿಣದ ವಾಸನೆ ಬರುತ್ತಿತ್ತು. ಮುಖ ತೊಳೆಸುವಾಗ ಗೊತ್ತಾಯಿತು. ಇವರು ಕೆಲಸಕ್ಕೆ ಹೊರಡುವ ಮೊದಲು ಅವಳನ್ನು ಆಡಿಸುತ್ತ, ಸೊಂಟದಲ್ಲಿದ್ದ ಬೀಗದ ಕೈಯನ್ನೇ ಗಿಲಕಿಯ ಹಾಗೆ ಕೊಟ್ಟಿದ್ದರು. ಕಾರ್ಖಾನೆಯ ಹಿಂಬಾಗಿಲಿನದು ಅದು. ಸೋಪು ಹಚ್ಚಿ ತೊಳೆದೆ, ಮತ್ತೆ ತೊಳೆದೆ.

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಬೈದುಕೋ, ಆದರೆ ಬೇರೆ ಸಿಸ್ಟರ್‌ಗಳ ಮುಂದೆ ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಕಾನ್ವೆಂಟಿನಲ್ಲಿ ಫೋನು ಇರುವುದು ಮದರ್ ಕೋಣೆಯಲ್ಲಿ. ಪಾಪುವಿಗೆ ಹಲ್ಲು ಬರುತ್ತಿದೆ, ಹಗಲೆಲ್ಲ ಹೆಗಲ ಮೇಲೆಯೇ ಇರಬೇಕು. ಎಂ.ಎ. ಓದುವಾಗ ಕೊಂಡ ಪುಸ್ತಕವೊಂದರ ಮೂಲೆಯನ್ನು ಆಗಲೇ ತಿಂದಿದ್ದಾಳೆ. "ನಿನಗಿಂತ ಇವಳೇ ಚೆನ್ನಾಗಿ ಅರಗಿಸ್ಕೊಂಡಿದಾಳೆ ನೋಡು" ಎಂದು ಅತ್ತೆ ನಗುತ್ತಾರೆ. ಪ್ರಾರ್ಥನೆ ನಡೆಯುತ್ತಿದೆಯೇ ಎಂದು ಕೇಳಿದ್ದೆಯಲ್ಲ. ಜಪಮಾಲೆ ಹಿಡಿದು ಕೂತರೆ ಅರ್ಧಕ್ಕೆ ಬರುವಷ್ಟರಲ್ಲಿ ಅವಳು ಎದ್ದಿರುತ್ತಾಳೆ. ಉಳಿದದ್ದನ್ನು ಬಟ್ಟೆ ಒಗೆಯುತ್ತ ಮುಗಿಸುತ್ತೇನೆ. ದೇವಮಾತೆಯೂ ಮಗು ಸಾಕಿದವಳು, ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಭಾನುವಾರ ಅವಳ ಜ್ಞಾನಸ್ನಾನ. ಫಾದರ್ ತಲೆಯ ಮೇಲೆ ನೀರು ಹೊಯ್ದು ಹೆಸರು ಹಿಡಿದು ಕರೆಯುತ್ತಾರೆ. ಸಂತೋಷದಿಂದ ಬರೆಯಬೇಕಾದ ಸುದ್ದಿ, ಆದರೆ ನನಗೆ ಹೆದರಿಕೆಯಾಗಿದೆ.

ಇವರು ಮೇಲ್ವಿಚಾರಕರಾಗಿರುವ ಹೊಲಿಗೆ ಕಾರ್ಖಾನೆಯಲ್ಲಿ ಕಳೆದ ತಿಂಗಳು ಇಸ್ತ್ರಿ ಮೇಜಿನ ವೈರು ಸುಟ್ಟು ಹೊಗೆ ತುಂಬಿತು. ಹಿಂದಿನ ಸಾಲುಗಳ ಹೆಂಗಸರೆಲ್ಲ ಹಿಂಬಾಗಿಲಿಗೆ ನುಗ್ಗಿದರು. ಅದಕ್ಕೆ ಬೀಗ. ಬಟ್ಟೆ ಕಳವಾಗುತ್ತದೆಂದು ಕೆಲಸದ ಹೊತ್ತಿನಲ್ಲಿ ಹೊರಗಿನಿಂದ ಬೀಗ ಹಾಕುವುದು ಅಲ್ಲಿನ ಪದ್ಧತಿ. ಇವರು ಅಂಗಳದಲ್ಲಿ ಲಾರಿಗೆ ಸರಕು ಹೇರಿಸುತ್ತಿದ್ದರಂತೆ, ಓಡಿ ಬಂದು ತೆಗೆದರಂತೆ. ಸದ್ಯ, ಯಾರೂ ಸಾಯಲಿಲ್ಲ ಎಂದು ಎಲ್ಲರೂ ಹೇಳಿದರು. ಆದರೆ ನಮ್ಮ ಚರ್ಚಿನ ಗಾಯನ ತಂಡದ ಕಾಲರಮ್ಮ ಆಗ ಆರು ತಿಂಗಳ ಬಸುರಿ. ಕಾಲರ್ ಹೊಲಿದೂ ಹೊಲಿದೂ ಅವಳ ಹೆಸರೇ ಹಾಗಾಗಿಹೋಗಿದೆ. ಜನರ ನೂಕುನುಗ್ಗಲಿನಲ್ಲಿ ಆ ಬಾಗಿಲಿಗೆ ಒತ್ತಿಕೊಂಡು ನಿಂತವಳು ಅವಳು. ಮಗು ಉಳಿಯಲಿಲ್ಲ.

ಸೋಮವಾರ ಕಾರ್ಮಿಕ ಇಲಾಖೆಯವರು ವಿಚಾರಣೆಗೆ ಬರುತ್ತಾರೆ. ಬಾಗಿಲಿಗೆ ಬೀಗ ಇತ್ತೇ ಇಲ್ಲವೇ ಎಂದು ಮೊದಲು ಕೇಳುವುದು ಇವರನ್ನೇ.

ಹೋದ ಭಾನುವಾರ ಪೂಜೆ ಮುಗಿದ ಮೇಲೆ ಕಾರ್ಖಾನೆಯ ಯಜಮಾನರು ಚರ್ಚಿನ ಮೆಟ್ಟಿಲ ಮೇಲೆ ನಮ್ಮನ್ನು ನಿಲ್ಲಿಸಿದರು. ಪಾಪುವಿನ ಗಲ್ಲ ಹಿಂಡಿ, "ಇವಳಿಗೆ ಜ್ಞಾನತಂದೆ ನಾನೇ ಆಗ್ತೀನಿ ಕಣಪ್ಪ, ಜ್ಞಾನಸ್ನಾನದ ದಿನ ನಾನೇ ಎತ್ಕೊಂಡು ನಿಲ್ತೀನಿ. ಇನ್ಮೇಲೆ ನಾವು ನೀವು ಒಂದೇ ಮನೆಯವರು. ಮನೆ ಮಾತು ಮನೇಲೇ ಇರಬೇಕು, ಅಲ್ವಾ?" ಎಂದರು.

ಇವರು "ನಮ್ಮ ಪುಣ್ಯ ಸಾರ್" ಎಂದುಬಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಎಂದಿನಂತೆ ನೆಲ ನೋಡುತ್ತ ನಿಂತಿದ್ದೆ.

ಆಮೇಲೆ ಎಲ್ಲವೂ ಚೆನ್ನಾಗಿದೆ. ಅವರ ಮನೆಯಿಂದ ಹೊಸ ತೊಟ್ಟಿಲು ಬಂತು. "ನನ್ನ ಮೊಮ್ಮಗಳು ಅದೃಷ್ಟ ಮಾಡಿದ್ದಳು" ಎಂದು ಅತ್ತೆ ಬೀದಿಗೆಲ್ಲ ಹೇಳಿದರು. ಸಂಜೆ ಹೊತ್ತು ಯಜಮಾನರ ಡ್ರೈವರ್ ನಮ್ಮ ಮನೆಯ ಎದುರು ಕಾರು ನಿಲ್ಲಿಸಿಕೊಂಡು ಕೂತಿರುತ್ತಾನೆ. ಏನೂ ಕೇಳುವುದಿಲ್ಲ, ನಗುತ್ತಾನೆ ಅಷ್ಟೆ. ನಾನು ಕಾಲರಮ್ಮನಿಗೆ ಫ್ಲಾಸ್ಕಿನಲ್ಲಿ ಬಿಸಿ ಹಾಲು ಕೊಟ್ಟು ಬಂದ ಮರುದಿನ ಮಾತ್ರ, "ಫ್ಲಾಸ್ಕು ವಾಪಸ್ ಬಂತಾ ಮೇಡಂ?" ಎಂದ.

ಆ ದಿನ ಕಾಲರಮ್ಮ ಗೋಡೆಗೊರಗಿ ಕೂತಿದ್ದಳು. "ಬೀಗ ಈಗ್ಲೂ ಹಾಕ್ತಾರಾ?" ಎಂದು ಕೇಳಿದಳು. ಹಾಕುತ್ತಾರೆಂದೆ.

"ಗೊತ್ತು ಬಿಡು. ಮುಂಬಾಗಿಲ ಹತ್ರದ ಮಿಷನ್ ನಂಗೆ ಬೇಕು ನಂಗೆ ಬೇಕು ಅಂತ ಎಲ್ಲರೂ ಕಿತ್ತಾಡ್ತಿದಾರಂತೆ, ಬಸ್ಸಲ್ಲಿ ಕಿಟಕಿ ಸೀಟಿಗೆ ಆಡೋ ಹಾಗೆ." ನಕ್ಕಳು. ಆಮೇಲೆ ಕೇಳಿದಳು, "ನೀನು ಓದಿದವಳು, ಹೇಳು. ನನ್ನ ಕೂಸಿನ ತಲೆ ಮೇಲೆ ಒಂದು ಹನಿ ನೀರು ಬೀಳ್ಲಿಲ್ಲ. ಅದನ್ನ ದೇವರು ಯಾವ ಹೆಸರು ಹಿಡಿದು ಕರೀತಾನೆ?"

ಅಕ್ಕಾ, ನಿನಗೆ ಗೊತ್ತಿದ್ದರೆ ಬರೆ.

ಮರುದಿನ ಗುರುಮನೆಗೆ ಹೋಗಿ, ಜ್ಞಾನತಂದೆ ಜ್ಞಾನತಾಯಿ ಇಬ್ಬರೂ ಇರಲೇಬೇಕೇ ಎಂದು ಫಾದರನ್ನು ಕೇಳಿದೆ. "ಒಬ್ಬರಿದ್ರೂ ಸಾಕಮ್ಮ. ವಿಶ್ವಾಸದಲ್ಲಿ ಬದುಕೋರಾಗಿರಬೇಕು. ಆರಿಸೋದು ತಂದೆತಾಯಿ" ಎಂದರು. ಬಾಗಿಲವರೆಗೆ ಬಂದು ದನಿ ತಗ್ಗಿಸಿದರು: "ಗಂಟೆಗೋಪುರ ಕಟ್ಟಿಸಿಕೊಟ್ಟವರು ಅವರು. ಅದನ್ನೂ ನೆನಪಿಟ್ಕೊ." ಅದು ಬೆದರಿಕೆಯೋ ಬೇಡಿಕೆಯೋ ತಿಳಿಯಲಿಲ್ಲ. ಅವರ ಮುಖವೂ ಬಾಡಿತ್ತು.

ಮನೆಗೆ ಬಂದು ಜ್ಞಾನಸ್ನಾನದ ವಿಧಿಯ ಮಾತುಗಳನ್ನು ಓದಿದೆ. ಸೈತಾನನನ್ನೂ ಅವನ ಎಲ್ಲ ಕೃತ್ಯಗಳನ್ನೂ ತ್ಯಜಿಸುತ್ತೀರಾ ಎಂದು ಫಾದರ್ ಕೇಳುತ್ತಾರೆ. ನನ್ನ ಮಗಳನ್ನು ಎತ್ತಿಕೊಂಡು ಯಜಮಾನರು ಹೌದೆನ್ನುತ್ತಾರೆ. ಬೇರೆಯವರಿಗೆ ಅದು ಫೋಟೋ ತೆಗೆಯುವ ಮೊದಲಿನ ಎರಡು ಸಾಲು. ಸಾಹಿತ್ಯ ಓದಿದ ನನಗೆ ಮಾತಿನ ಮೇಲೆ ನಂಬಿಕೆ ಹೆಚ್ಚು, ಅದೇ ಕಷ್ಟ.

ಪಾಪು ಮಿಸುಕಾಡುತ್ತಿದ್ದಾಳೆ. ನಿನ್ನ ಮಂಡಿನೋವು ಹೇಗಿದೆ? ಚಳಿಯಲ್ಲಿ ಬರಿನೆಲಕ್ಕೆ ಮೊಣಕಾಲೂರಬೇಡ. ನಿನ್ನ ಪ್ರಾರ್ಥನೆಯಲ್ಲಿ ಪಾಪುವಿಗೆ ಒಂದಿಷ್ಟು ಜಾಗ ಇರಲಿ, ಅವಳಪ್ಪನಿಗೆ ಅದಕ್ಕಿಂತ ಹೆಚ್ಚು. ದೇವರು ನಿನ್ನನ್ನು ಕಾಯಲಿ.

ನಿನ್ನ
ಪುಟ್ಟಿ

ಮತ್ತೆ: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಇವರನ್ನು ಕೇಳಿದೆ, "ಲಾರಿ ಹತ್ರ ಇದ್ದಾಗ ಅವರ ಕೂಗು ಕೇಳಿಸ್ಲಿಲ್ವಾ?" ಇವರು ತಟ್ಟೆ ನೋಡುತ್ತಲೇ ಹೇಳಿದರು, "ಲಾರಿ ಹತ್ರ ಇರ್ಲಿಲ್ಲ. ಬಾಗಿಲ ಹತ್ರಾನೇ ಇದ್ದೆ. ಕೇಳದೆ ತೆಗೀಬಾರ್ದು ಅಂತ ಆರ್ಡರ್ ಇತ್ತು. ಸಾರ್‌ಗೆ ಫೋನ್ ಮಾಡ್ತಾ ಇದ್ದೆ. ಎತ್ತಲಿಲ್ಲ. ಮತ್ತೆ ಮಾಡ್ದೆ." ಆಮೇಲೆ ಉಪ್ಪು ಕೇಳಿದರು. ಕೊಟ್ಟೆ.

ಇವರು ಕೆಟ್ಟವರಲ್ಲ ಅಕ್ಕಾ. ಪಾಪು ಕೆಮ್ಮಿದರೆ ನನಗಿಂತ ಮೊದಲು ಏಳುವವರು. ಅದನ್ನು ನೆನೆದರೆ ಇನ್ನೂ ಹೆದರಿಕೆಯಾಗುತ್ತದೆ.

ಇವತ್ತು ಸಂಜೆ ಪಾಪುವನ್ನು ಎತ್ತಿಕೊಂಡು ಕಾಲರಮ್ಮನ ಮನೆಗೆ ಹೋಗುತ್ತೇನೆ, ಯಾರು ಬೇಕಾದರೂ ನೋಡಲಿ. ನನ್ನ ಮಗಳಿಗೆ ಜ್ಞಾನತಾಯಿಯಾಗು ಎಂದು ಕೇಳುತ್ತೇನೆ. ಅವಳು ಒಲ್ಲೆನೆಂದರೆ ಈ ಭಾನುವಾರ ಜ್ಞಾನಸ್ನಾನವಿಲ್ಲ. ಒಪ್ಪಿದರೆ, ಮುಂದಿನ ಬೆಂಚಿನಿಂದ ಯಜಮಾನರು ಎದ್ದು ಬಂದು ಕೈ ಚಾಚಿದರೂ ಮಗುವನ್ನು ಅವಳಿಗೇ ಕೊಡುತ್ತೇನೆ. ಇವರಿಗೆ ಹೇಳಿಲ್ಲ. ಸೋಮವಾರ ಏನು ಹೇಳುತ್ತಾರೋ ಅದು ಇವರಿಗೆ ಬಿಟ್ಟದ್ದು. ಅದಕ್ಕೆ ಮೊದಲು, ಎಲ್ಲರೆದುರು, ಇವರು ಕಾಲರಮ್ಮನ ಪಕ್ಕದಲ್ಲಿ ನಿಲ್ಲಬೇಕು.